ಊದಲಾಗದವನ ಮೇಲೆ ಹಾಕಿದ ಕೇಸು

ಘಟ್ಟದ ರಸ್ತೆಯಲ್ಲಿ ವಾಹನ ತಪಾಸಣೆಯ ಹೊಣೆ ಹೊತ್ತಿರುವ ಮಾನ್ಯ ಪೊಲೀಸ್ ಅಧಿಕಾರಿಗಳೇ,

ಪ್ರಜ್ಞೆ ತಪ್ಪುತ್ತಿದ್ದ ನನ್ನ ಗಂಡನನ್ನು ನಿಮ್ಮವರು ಕುಡುಕನೆಂದು ತೀರ್ಮಾನಿಸಿದರು. ಅವರ ಬಾಯಿಗೆ ಚಿಟಿಕೆ ಸಕ್ಕರೆ ಹಾಕಲೂ ನನ್ನನ್ನು ಬಿಡಲಿಲ್ಲ. ಅದಕ್ಕಾಗಿ ಈ ಪತ್ರ.

ನನ್ನ ಗಂಡ ನಂಜುಂಡೇಶ ಮಂಜೂರಿನಲ್ಲಿ ತರಕಾರಿ ಬೆಳೆಯುವವರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಕಳೆದ ತಿಂಗಳು ಕೂನೂರಿನಲ್ಲಿ ಕೆಲಸ ಮುಗಿಸಿ, ಮಳೆ ಬರುವ ಮೊದಲು ಮನೆ ಸೇರೋಣವೆಂದು ಊಟವನ್ನೂ ಮಾಡದೆ ಬೈಕಿನಲ್ಲಿ ಹೊರಟೆವು. ಒಂದು ತಿರುವಿನಲ್ಲಿ ಬಂಡಿ ಬಲಕ್ಕೆ ಸರಿಯಿತು. ನಿಲ್ಲಿಸಿ ಎಂದು ನಾನು ಬೆನ್ನು ತಟ್ಟುವಷ್ಟರಲ್ಲಿ ನಿಮ್ಮ ಬ್ಯಾರಿಕೇಡ್ ಬಂತು. ತಡೆದದ್ದು ಸರಿ. ತಡೆಯದಿದ್ದರೆ ನಾವಿಬ್ಬರೂ ಕಣಿವೆಯಲ್ಲಿರುತ್ತಿದ್ದೆವು.

ನಿಮ್ಮ ಸಿಬ್ಬಂದಿಯ ಕಣ್ಣು ಚುರುಕು. ಬಂಡಿ ಓಲಾಡಿದ್ದು, ಇಳಿಯುವಾಗ ಕಾಲು ತಡವರಿಸಿದ್ದು, ಲೈಸೆನ್ಸ್ ಕೇಳಿದರೆ ಮೊಬೈಲ್ ಚಾಚಿದ್ದು, ನಾಲಿಗೆ ತೊದಲಿದ್ದು ಎಲ್ಲವನ್ನೂ ಗಮನಿಸಿದರು. ಆ ಚಳಿಯಲ್ಲಿ ಅಂಗಿ ತೊಯ್ಯುವಂತೆ ಬೆವರುತ್ತಿದ್ದುದು ಮಾತ್ರ ಕಾಣಲಿಲ್ಲ. ಬಾಯಿಂದ ಯಾವ ವಾಸನೆಯೂ ಬರುತ್ತಿಲ್ಲವೆಂದು ಒಬ್ಬರ ಮೂಗಾದರೂ ಹೇಳಲಿಲ್ಲವೇ?

“ಸಾರ್, ಇವರು ಶುಗರ್ ಪೇಷಂಟು. ಲೋ ಆಗಿದೆ. ಎದುರಿನ ಟೀ ಅಂಗಡಿಯಿಂದ ಸಕ್ಕರೆ ತರ್ತೀನಿ,” ಎಂದೆ.

“ಎಲ್ಲಾ ಹೆಂಡತಿಯರೂ ಇದನ್ನೇ ಹೇಳ್ತಾರಮ್ಮಾ. ಊದೋವರೆಗೂ ಬಾಯಿಗೆ ಏನೂ ಹಾಕಬಾರದು. ತಳ್ಳಿ ನಿಲ್ಲುಂಗ, ದೂರ ನಿಲ್ಲಿ,” ಎಂದು ನಿಮ್ಮ ಎಸ್‌ಐ ನನ್ನನ್ನು ದೂರ ಸರಿಸಿದರು.

ಯಂತ್ರದ ಕೊಳವೆಯನ್ನು ತುಟಿಗಿಟ್ಟರೆ ಇವರು ಅದನ್ನು ಕಚ್ಚಿದರು.

“ಊದಯ್ಯಾ, ಊದು. ನಾಟಕ ಬೇಡ.”

ಇವರು ನನ್ನ ಕಡೆ ತಿರುಗಿ, “ರಮ್ಯಾ, ಮನೆ ಬಂತಾ?” ಎಂದರು.

ನಾನು ಎಸ್‌ಐಯವರ ಕೈ ತಳ್ಳಿ ಅಂಗಡಿಗೆ ಓಡಿದೆ. ಹಿಡಿ ಸಕ್ಕರೆಯೊಂದಿಗೆ ಬರುವಷ್ಟರಲ್ಲಿ ಇವರು ಬಿದ್ದಿದ್ದರು. ಹಣೆ ಒಡೆದಿತ್ತು, ಹಲ್ಲು ಕಚ್ಚಿಕೊಂಡಿತ್ತು. ಬಾಯಿಗೆ ಹಾಕುವ ಹೊತ್ತು ಮೀರಿತ್ತು. ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ.

ಆಮೇಲಾದರೂ ನೀವು ಮಾಡಿದ್ದೇನು? ಪರೀಕ್ಷೆಗೆ ಸಹಕರಿಸಲಿಲ್ಲವೆಂದು ಕೇಸು ಹಾಕಿದಿರಿ. ಎಲ್ಲಿದ್ದೇನೆಂಬುದೇ ತಿಳಿಯದವನು ನಿಮ್ಮ ಕೊಳವೆಗೆ ಹೇಗೆ ಊದಬೇಕಿತ್ತು, ಮಾನ್ಯರೇ? ಆ ದಿನ ಬ್ಯಾರಿಕೇಡಿನ ಬಳಿ ನಿಂತಿದ್ದ ಬಸ್ಸಿನಲ್ಲಿ ನಮ್ಮೂರಿನವರೂ ಇದ್ದರು. ಈಗ ಇವರು ಮಾರ್ಕೆಟ್ಟಿಗೂ ಹೋಗುತ್ತಿಲ್ಲ. “ನೀನೇ ಹೋಗಿ ಬಾ, ನನ್ನ ಮುಖ ನೋಡಿ ನಗ್ತಾರೆ,” ಎನ್ನುತ್ತಾರೆ.

ಕುಡಿದು ಓಡಿಸುವವರನ್ನು ಬಿಡಿ ಎನ್ನುತ್ತಿಲ್ಲ. ಅಂಥವರ ಎದುರು ಬರುವವರು ನಾವೇ. ಆದರೆ ಈ ಕೇಸು ಹಿಂತೆಗೆಯಿರಿ. ಊದಿಸುವ ಮೊದಲು ಕಾಯಿಲೆ ಇದೆಯೇ ಎಂದು ಕೇಳುವಂತೆ ಆದೇಶಿಸಿ. ಯಂತ್ರದ ಪಕ್ಕದಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇಡಿಸಿ. ಆ ಎಸ್‌ಐ ಮಂಜೂರಿನ ಬಸ್ ನಿಲ್ದಾಣಕ್ಕೆ ಬಂದು, ಈತ ಕುಡಿದಿರಲಿಲ್ಲವೆಂದು ನಾಲ್ಕು ಜನರೆದುರು ಹೇಳಲಿ. ಕುಡುಕನೆಂದದ್ದೂ ನಾಲ್ಕು ಜನರೆದುರೇ.

ಇಂತಿ,
ಸಕ್ಕರೆ ಪೊಟ್ಟಣವಿಲ್ಲದೆ ಈಗ ಹೊಸಿಲು ದಾಟದ
ರಮ್ಯಾ, ಮಂಜೂರು