ಹನ್ನೊಂದು ದಿನದ ಶೂಟಿಂಗ್ ಬಾಕಿ

ಜೂನ್ 14, ಭಾನುವಾರ ಬೆಳಿಗ್ಗೆ

ನನ್ನ ಜಗಳಗಂಟಿ ಬಂಗಾರಿಗೆ,

ನಿನ್ನ ಕಾಗದ ಗುರುವಾರ ಕೈಸೇರಿತು. ಫೋನಿನಲ್ಲಾದರೆ ನಾನು ನಗಿಸಿ ಜಾರಿಕೊಳ್ಳುತ್ತೇನೆಂದು ಬರೆದೇ ಕಳಿಸಿದ್ದೀಯ, ಕಿಲಾಡಿ. ಅದರಲ್ಲೂ ಎರಡು ಕಡೆ ಕೆಂಪು ಶಾಯಿಯ ಗೆರೆ! ನಾನೇನು ನಿನ್ನ ಐದನೇ ಕ್ಲಾಸಿನ ಹುಡುಗಿಯೇನೇ?

ಗೆರೆ ಎಳೆದದ್ದನ್ನು ಓದಿದೆ. ಈಗಲೇ ನಿನ್ನ ಮನೆಗೆ ಬಂದು, ಮೂರು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿಸಿದರೆ ಸೆಪ್ಟೆಂಬರಿನಲ್ಲಿ ಎರಡೂ ಮಂಡಿಗೆ ಆಪರೇಷನ್. ಇಲ್ಲದಿದ್ದರೆ ವರ್ಷದೊಳಗೆ ಗಾಲಿಕುರ್ಚಿ. ಡಾಕ್ಟರು ಹೇಳಿದ್ದು ಸರಿಯೇ ಇರಬಹುದು. ಆದರೆ ನನ್ನಿಂದ ಆಗುವುದಿಲ್ಲ ಮಗಳೇ. ಆ ತಾರೀಖನ್ನು ಬೇರೆ ಯಾರಿಗಾದರೂ ಕೊಡಲು ಹೇಳು. ಯಾಕೆ ಎಂದು ಬರೆಯುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ಇಪ್ಪತ್ತಾರು ವರ್ಷ ಹಿಂದಿ ಸಿನಿಮಾದಲ್ಲಿ ನಾನು ಮಾಡಿದ್ದೇನು? ಬಾಗಿಲು ತೆಗೆದೆ. ನಾಯಕ ಒಳಗೆ ಬಂದ, ನಾನು ಅಡುಗೆಮನೆಗೆ ಹೋದೆ, ಮುಗಿಯಿತು. ಈ ಮೂಗು, ಈ ಬಣ್ಣ, ಈ ಗಂಡುದನಿಗೆ ಕೆಲಸದವಳು, ಜೈಲಿನ ಕಾವಲುಗಾರ್ತಿ, ಸತ್ತ ಮನೆಯಲ್ಲಿ ಎದೆ ಬಡಿದುಕೊಳ್ಳುವ ನೆರೆಯವಳು, ಇಷ್ಟೇ ಸಿಕ್ಕಿದ್ದು. ಹಿಂದಿ ಮಾತನ್ನು ಕನ್ನಡ ಅಕ್ಷರದಲ್ಲಿ ಅಂಗೈಮೇಲೆ ಬರೆದುಕೊಂಡು ಹೋಗುತ್ತಿದ್ದದ್ದು ನಿನಗೆ ನೆನಪಿರಬೇಕು. ನೀನೇ ಒರೆಸಿ ಒರೆಸಿ ಓದಿಸುತ್ತಿದ್ದೆ. ಮೂರು ಮಾತಿಗಿಂತ ಹೆಚ್ಚಿದ್ದರೆ ಆವತ್ತು ಮನೆಯಲ್ಲಿ ಸಂಭ್ರಮ.

ಐವತ್ತಮೂರನೇ ವಯಸ್ಸಿಗೆ ಈ ಚಿತ್ರ ಬಂತು. ಬಸ್ ನಿಲ್ದಾಣದಲ್ಲಿ ಬೇರೆಯವರ ಸಾಮಾನು ಕಾಯುವ ದಪ್ಪ ಹೆಂಗಸು. ಅವಳಿಗೆ ಒಬ್ಬನ ಮೇಲೆ ಪ್ರೀತಿ ಹುಟ್ಟುತ್ತದೆ. ಅದನ್ನು ನೋಡಿ ಯಾರೂ ನಗಬಾರದು, ಹಾಗೆ ಬರೆದಿದ್ದರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವಳೇ. ಓದಿ ಮುಗಿಸಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಗ ನಾನು ಕಡ್ಡಿ. ನಿರ್ದೇಶಕರು ಬಟ್ಟೆಯೊಳಗೆ ಹತ್ತಿ ತುಂಬಿದರಾಯ್ತು ಬಿಡಿ ಅಂದರು. ನಾನೇ ದೊಡ್ಡ ಜಾಣೆ, ಹತ್ತಿ ಕಟ್ಟಿಕೊಂಡರೆ ನಡಿಗೆ ಬರಲ್ಲ ಸರ್, ಮೈಯೇ ಬೆಳೆಸ್ತೀನಿ ಅಂದೆ. ನಿಜ ಹೇಳಲೇ? ಹತ್ತಿ ಸಾಕು ಅಂದರೆ ಹೆಸರಿರುವ ಯಾವ ತೆಳ್ಳನೆಯವಳೂ ಆ ಪಾತ್ರ ಮಾಡಬಹುದಿತ್ತು. ಆ ಭಯಕ್ಕೆ, ಕೊನೆಯ ಶಾಟ್ ಮುಗಿಯುವವರೆಗೆ ಮೈಯ ಅಳತೆ ಬದಲಿಸುವುದಿಲ್ಲವೆಂದು ಕರಾರಿನಲ್ಲಿ ಒಂದು ಸಾಲು ಸೇರಿಸಿ ಅಂತ ಬೆನ್ನುಹತ್ತಿ ಸೇರಿಸಿದವಳೂ ನಾನೇ. ಐದು ತಿಂಗಳು ಬೆಣ್ಣೆ, ಆಲೂಗಡ್ಡೆ, ಬಾಳೆಹಣ್ಣು ತಿಂದೆ. ಹತ್ತೊಂಬತ್ತು ಕಿಲೋ ಏರಿಸಿಕೊಂಡೆ.

ಹನ್ನೊಂದು ದಿನದ ಶೂಟಿಂಗ್ ಬಾಕಿ ಇರುವಾಗ ನಿರ್ಮಾಪಕರಿಗೂ ನಿರ್ದೇಶಕರಿಗೂ ಮನಸ್ತಾಪ ಬಂದು ಎಲ್ಲ ನಿಂತಿತು. ಮುಂದಿನ ತಿಂಗಳು ಶುರು ಅಂದರು. ಆ ಮುಂದಿನ ತಿಂಗಳಿಗೆ ಈಗ ಎರಡು ವರ್ಷ. ಇದರ ನಡುವೆ ಒಂದು ಒಳ್ಳೆಯ ಪಾತ್ರ ಬಂದಿತ್ತು, ಒಣಕಲು ಮೈಯ ಮೇಡಮ್ಮನದು. ಕರಾರು ಇದೆಯಲ್ಲ, ಬಿಟ್ಟೆ. ಆಮೇಲೆ ಬಂದದ್ದೆಲ್ಲ ಕೂತ ಕುರ್ಚಿ ಮುರಿದು ಬೀಳುವ ಪಾತ್ರ. ಅವರಿಗೆ ಉಗಿದು ಕಳಿಸಿದೆ.

ಅಳತೆಯ ವಿಷಯ ನಿನಗೆ ಹೇಳಿಲ್ಲ. ದೃಶ್ಯದಿಂದ ದೃಶ್ಯಕ್ಕೆ ನಟರು ಒಂದೇ ತರ ಕಾಣಬೇಕೆಂದು ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಅವಳ ಹತ್ತಿರ ನನ್ನ ಫೋಟೋಗಳ ಆಲ್ಬಮ್ ಇದೆ: ಮುಂದಿನಿಂದ, ಪಕ್ಕದಿಂದ, ಗಲ್ಲದ ಕೆಳಗಿನ ಮಡಿಕೆ ಕೂಡ. ತಿಂಗಳ ಮೊದಲ ಶನಿವಾರ ತೋಳು, ಸೊಂಟ, ಕುತ್ತಿಗೆಯ ಅಳತೆ. ಕಳೆದ ವಾರವೂ ಆಯಿತು. ಒಂದು ಇಂಚೂ ಹೆಚ್ಚುಕಡಿಮೆ ಇಲ್ಲ. ಅಷ್ಟು ಶಿಸ್ತಾಗಿ ಕಾಯ್ದುಕೊಂಡಿದ್ದೇನೆ, ಮೆಚ್ಚಿಕೋ.

ಹೌದು, ಮಂಡಿ ನೋಯುತ್ತದೆ. ಮೂರನೇ ಮಹಡಿ, ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ಮೇ ತಿಂಗಳಿನಿಂದ ಕೆಳಗಿಳಿದಿಲ್ಲ. ಕೆಳಗಿನ ಅಂಗಡಿಯವನು ಬುಟ್ಟಿಗೆ ಸಾಮಾನು ಹಾಕುತ್ತಾನೆ, ನಾನು ಕಿಟಕಿಯಿಂದ ಹಗ್ಗ ಎಳೆದುಕೊಳ್ಳುತ್ತೇನೆ. ಮೊನ್ನೆ ಅವನು ಕತ್ತೆತ್ತಿ, ಏನ್ ಅಮ್ಮಾ, ಇಳಿಯೋದೇ ಬಿಟ್ಬಿಟ್ರಾ ಅಂತ ಕೂಗಿದ. ಶೂಟಿಂಗ್ ಇದೆ ಕಣಪ್ಪಾ, ಬಿಸಿಲಿಗೆ ಬಣ್ಣ ಕೆಡಬಾರದು ಅಂತ ನಾನೂ ಕೂಗಿದೆ. ಬೀದಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಕಿಟಕಿ ಹಾಕಿಕೊಂಡೆ. ಆಮೇಲೆ ಮಂಚದವರೆಗೆ ಹೋಗಲು ಗೋಡೆ ಹಿಡಿಯಬೇಕಾಯಿತು.

ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ ಮರೀ. ಇನ್ನು ಹನ್ನೊಂದೇ ದಿನ. ಅದೊಂದು ಮುಗಿಯಲಿ, ನೀನು ಹೇಳಿದ ಹಾಗೆ ಕೇಳುತ್ತೇನೆ. ಈಗ ಹನ್ನೆರಡು ಕಿಲೋ ಇಳಿಸಿ, ನಾಳೆ ಅವರು ಕರೆದರೆ ಯಾವ ಮುಖ ಹೊತ್ತು ಹೋಗಲಿ? ಮಕ್ಕಳ ಮೇಲೆ ಜಾಸ್ತಿ ಕಿರುಚಬೇಡ, ಗಂಟಲು ಕೆಡುತ್ತದೆ. ಅಳಿಯನನ್ನು ಕೇಳಿದೆ ಎಂದು ಹೇಳು.

ನಿನ್ನ ಹಟಮಾರಿ,
ಅಮ್ಮ

ತಾ.ಕ: ಮಡಚಿ ಅಂಟಿಸಿದ್ದ ಲಕೋಟೆಯನ್ನು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಚಿತ್ರ ನಿಂತೇಹೋಗಿದೆ. ಅಳತೆ ತೆಗೆಯುತ್ತಿದ್ದ ಆ ಹುಡುಗಿ ಫೆಬ್ರವರಿಯಲ್ಲೇ ಬಂದು ಹೇಳಿದಳು. ಚಿತ್ರೀಕರಿಸಿದ್ದನ್ನೂ ಯಾರೂ ನೋಡುವ ಹಾಗಿಲ್ಲ, ಕೋರ್ಟಿನಲ್ಲಿದೆ. ಕರಾರೂ ಮುಗೀತು, ಇನ್ನು ಆರಾಮಾಗಿ ತೂಕ ಇಳಿಸ್ಕೊಳ್ಳಿ ಆಂಟಿ ಅಂತ ಕೈಹಿಡಿದು ಅತ್ತಳು. ಆಮೇಲೆ ಬಂದಿಲ್ಲ. ಅಂದಿನಿಂದ ಅಳತೆ ತೆಗೆದುಕೊಳ್ಳುತ್ತಿರುವವಳು ನಾನೇ. ಎಷ್ಟು ಸಲ ಇಳಿಸೋಣ ಎಂದುಕೊಂಡೆ. ಕೈ ತಾನಾಗಿ ಬೆಣ್ಣೆಗೆ ಹೋಗುತ್ತದೆ. ಆ ಹೆಂಗಸು ಇನ್ನು ಯಾವ ಪರದೆಯ ಮೇಲೂ ಇಲ್ಲ, ನನ್ನ ಮೈಮೇಲೆ ಮಾತ್ರ ಇದ್ದಾಳೆ. ಅವಳನ್ನೂ ಕಳಕೊಂಡರೆ ನಾನು ಮತ್ತೆ ಬಾಗಿಲು ತೆಗೆಯುವವಳು. ಭಯವಾಗುತ್ತದೆ ಕಣೇ. ಸೆಪ್ಟೆಂಬರಿನ ತಾರೀಖು ಬಿಡಬೇಡ. ಕರೆದರೆ ನಾನು ಬರುವವಳಲ್ಲ, ಫೋನಿನಲ್ಲಿ ಏನೇನೋ ಹೇಳಿ ನಿನ್ನನ್ನು ನಗಿಸಿಬಿಡುತ್ತೇನೆ. ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಬಂದು ನನ್ನನ್ನು ಹೊತ್ತುಕೊಂಡು ಹೋಗು.