ಮೂರನೇ ತೊಟ್ಟಿ ಮತ್ತು ಕೆಮ್ಮಿನ ಔಷಧಿ

ಜನವರಿ ೨೩, ಭಾನುವಾರ

ನನ್ನ ಅಕ್ಕನಿಗೆ,

ಹೇಗಿದ್ದೀಯ? ಭಾವ, ಪುಟ್ಟಿ ಚೆನ್ನಾಗಿದ್ದಾರೆ ತಾನೆ? ನನಗೆ ಕೆಮ್ಮೆಂದು ಕೇಳಿ ನೀನು ಕಳಿಸಿದ ಔಷಧಿ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದ್ದಕ್ಕೆ ಊರಿಗೆ ಬಂದಾಗ ಕಿವಿ ಹಿಂಡು.

ಇಲ್ಲಿ ಕಾಫಿ ಹಣ್ಣಿನ ಕಾಲ. ಬೆಳಗಾದರೆ ಬೆಳೆಗಾರರ ಸಂಘದ ಅಂಗಳದಲ್ಲಿ ಸಾಲು. ಒಬ್ಬರದು ಎರಡು ಬುಟ್ಟಿ, ಇನ್ನೊಬ್ಬರದು ಅರ್ಧ ಮೂಟೆ; ಮೂವತ್ತೆರಡು ಮನೆಯ ಹಣ್ಣು ಮೊದಲು ಒಂದೇ ನೀರಿನ ತೊಟ್ಟಿಗೆ. ನೀರಿನಲ್ಲಿ ತೇಲುವ ಜೊಳ್ಳು ಹಣ್ಣನ್ನು ಜಾಲರಿಯಲ್ಲಿ ತೆಗೆಯುವ ಪಕ್ಕದ ಮನೆ ಅತ್ತೆಯ ಬಾಯಿಗೆ ಮಾತ್ರ ಯಾವ ಜಾಲರಿಯೂ ಇಲ್ಲ. "ಏನೇ ಗುಮ್ಮನಗುಸುಕಿ, ಅಷ್ಟೊಂದು ಪುಸ್ತಕ ಓದಿದ್ದೀಯ, ಒಂದು ಮಾತಾದ್ರೂ ಉದುರಿಸೇ!" ಎಂದು ದಿನವೂ ಕೆಣಕುತ್ತಾರೆ.

ಅಪ್ಪ ಈಗಲೂ ಬೀಜ ಹದಕ್ಕೆ ಬರುವ ತೊಟ್ಟಿಗಳ ಹತ್ತಿರವೇ. ಸಿಪ್ಪೆ ಸುಲಿದ ಬೀಜ ಅಂಟು ಬಿಡುವವರೆಗೆ ಕಾದು, ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಬೇಕಲ್ಲ. ಜಾರಿದರೆ ಕಾಯಬೇಕು, ಮರಳಿನಂತೆ ತರಿತರಿಯಾದರೆ ತಕ್ಷಣ ತೊಳೆಯಬೇಕು. ತಡವಾದರೆ ಹುಳಿ.

ಮಂಗಳವಾರ ಹಾಗೇ ಆಯಿತು. ಸಂಘದ ಅಧ್ಯಕ್ಷರು ನನ್ನನ್ನು ಕಾಫಿ ರುಚಿ ನೋಡುವ ಕೋಣೆಗೆ ಕರೆದಿದ್ದರು. "ನೀನು ಓದಿದೋಳು, ಈ ರುಚಿಗೊಂದು ಒಳ್ಳೇ ಪದ ಹೇಳಮ್ಮ" ಎಂದರು. ನಾನು ಜೇನೋ ಕಿತ್ತಳೆಯೋ ಎಂದು ತಡಕಾಡುತ್ತ ಮಧ್ಯಾಹ್ನದವರೆಗೂ ಅಲ್ಲೇ ಕುಳಿತೆ. ಹೊರಗೆ ಬಂದಾಗ ಮೂರನೇ ತೊಟ್ಟಿ ಹುಳಿ ನಾರುತ್ತಿತ್ತು.

ಆ ಬೀಜ ಈಗ ಮೇಲ್ದರ್ಜೆಗೆ ಸೇರುವುದಿಲ್ಲ. ಸಭೆಯಲ್ಲಿ ಯಾರೋ ಬಿಸಿಲನ್ನು ದೂರಿದರು. ಅಪ್ಪ ಎದ್ದು ನಿಂತು, "ಬಿಸಿಲಿಂದಲ್ಲ, ತಪ್ಪು ನಂದು. ಬೇರೆಯವರನ್ನ ನೋಡ್ಕೊಳ್ಳಿ" ಎಂದರು. ಅತ್ತೆ ಬಿಡಲಿಲ್ಲ. "ಮೂವತ್ತು ವರ್ಷದಲ್ಲಿ ಒಂದು ದಿನ ಹಾಲು ಒಡೀಬಾರದೇನ್ರೀ? ಕೂತ್ಕೊಳ್ಳಿ ಸುಮ್ನೆ!" ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅಧ್ಯಕ್ಷರು ಬರುವ ಶನಿವಾರ ತೀರ್ಮಾನಿಸೋಣ ಎಂದಿದ್ದಾರೆ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪುಟ್ಟಿಯ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಗುಮ್ಮನಗುಸುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ನೀನು ಕಳಿಸಿದ ಬಾಟಲಿಯ ಮುಚ್ಚಳ ತೆಗೆದಿಲ್ಲ ಅಕ್ಕ. ನನಗೆ ಕೆಮ್ಮೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಅಪ್ಪನ ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲ; ಕುದಿಯುವ ಕಾಫಿಯ ಲೋಟ ಹಿಡಿದು ಬೊಬ್ಬೆ ಎದ್ದರೂ ಗೊತ್ತಾಗಲಿಲ್ಲ. ಹೋದ ವರ್ಷದಿಂದ ನಾನೇ ಮೊದಲು ತೊಟ್ಟಿಗೆ ಕೈ ಹಾಕಿ ನೋಡಿ, ಹದ ಬಂದಾಗ ಅವರ ಹಿಂದೆ ನಿಂತು ಕೆಮ್ಮುತ್ತೇನೆ. "ಆಯ್ತು, ತೊಳೀರಿ" ಎನ್ನುತ್ತಾರೆ. ಇಬ್ಬರೂ ಒಮ್ಮೆಯೂ ಅದರ ಮಾತೆತ್ತಿಲ್ಲ.

ನಿನ್ನೆ ಅತ್ತೆ ನನ್ನ ತಲೆ ಸವರಿ ಹೇಳಿದರು: "ನಿಮ್ಮಪ್ಪಂಗೆ ನಿನ್ನ ಮೇಲೆ ಅದೆಷ್ಟು ಜೀವ ಕಣೇ! ಮಂಗಳವಾರ ತೊಟ್ಟಿಯಿಂದ ಕೈ ತೆಗೀದೆ, ಬಾಗಿಲನ್ನೇ ನೋಡ್ತಾ ನನ್ನನ್ನ ಎರಡು ಸಲ ಕೇಳಿದ್ರು, 'ಇವತ್ಯಾಕೋ ಮಗಳ ಕೆಮ್ಮು ಕೇಳಿಸ್ತಾನೇ ಇಲ್ವಲ್ಲಾ?'"