ಮೊದಲು ಏಳುವವನು

ಅಕ್ಕಾ, ಈ ಗಿರಣಿ ಊರಿಗೆ ಬಂದು ಮೂರು ದಿನವಾಯಿತು. ಇಲ್ಲಿ ಕಿಟಕಿ, ಮರ, ಜನರ ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ನಮ್ಮ ಎಚ್‌ಐವಿ ನಾಟಕದಲ್ಲಿ ನನ್ನ ಪಾತ್ರ ನಿನಗೆ ಗೊತ್ತಲ್ಲ. ಯಾರೋ ದಾರಿಹೋಕನಂತೆ ಜನರ ನಡುವೆ ಕೂತಿದ್ದು, ಆಟ ಮುಗಿದ ಕೂಡಲೇ "ನನ್ನ ರಕ್ತ ಮೊದಲು ನೋಡಿ, ಇದರಲ್ಲಿ ನಾಚಿಕೆ ಏನು ಬಂತು" ಎಂದು ಏಳುವುದು. ಪರದೆಯ ಹಿಂದೆ ನಮ್ಮ ನರ್ಸಮ್ಮ ಬೆರಳಿಗೆ ಸುಮ್ಮನೆ ಹತ್ತಿ ಸುತ್ತಿ ಕಳಿಸುತ್ತಿದ್ದರು. ಮೂರು ವರ್ಷದಲ್ಲಿ ಒಮ್ಮೆಯೂ ನನಗೆ ಸೂಜಿ ತಾಗಿರಲಿಲ್ಲ.

ನಿನ್ನೆ ಅವರಿಗೆ ರಜೆ. ಬದಲಿಗೆ ಬಂದ ನರ್ಸಿಗೆ ನಾನು ನಾಟಕದವನೆಂದು ಗೊತ್ತಿಲ್ಲ. "ಚುಚ್ಚಲಾ ಅಣ್ಣಾ?" ಎಂದರು. ಪರದೆ ತೆಳು, ಆಚೆ ಜನ ಕಿವಿ ಕೊಟ್ಟಿದ್ದರು. "ಚುಚ್ಚಿ, ಅದಕ್ಕೇನಂತೆ" ಎಂದೆ.

ಮೂರು ಸಲ ಪರೀಕ್ಷಿಸಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಸೋಂಕು ಇದೆ ಅಣ್ಣಾ" ಎಂದರು ಮೆಲ್ಲಗೆ.

ಹೊರಗೆ ಸಾಲಿನಲ್ಲಿದ್ದ ಒಂಬತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಗುತ್ತ ಹೊರಬರುವುದೂ ನನ್ನ ಪಾತ್ರವೇ. ನಕ್ಕೆ. ಒಂಬತ್ತು ಜನವೂ ಒಳಗೆ ಹೋದರು. ನಾನು ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಮಾತ್ರೆ ಪುಕ್ಕಟೆ, ಸೋಮವಾರದಿಂದ ಶುರು. ತಪ್ಪದೆ ನುಂಗಿದರೆ ಬಹಳ ಕಾಲ ಬದುಕಬಹುದಂತೆ.

ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಲಕೋಟೆಯಲ್ಲಿ ಬರೆದರೂ ನಿನಗೆ ಓದಿ ಹೇಳುವವನು ಅಂಚೆಯಣ್ಣನೇ ತಾನೆ. ಅವನು ನಡುವೆ ದನಿ ತಗ್ಗಿಸಿದ್ದರೆ, ಮೊದಲಿಂದ ಗಟ್ಟಿಯಾಗಿ ಓದಪ್ಪ ಅನ್ನು.

ನಿನ್ನ ತಮ್ಮ